ಲೊವೆನಾದ ಅರ್ಧ ಕಮಾನು

ನನ್ನ ಅಂಗಡಿಯ ಗಲ್ಲಾದ ಹಿಂದೆ ನಿಂತರೆ ಎದುರಿಗೇ ಕಾಣುತ್ತಿದ್ದದ್ದು ಲೊವೆನಾ. ಹೆಸರು ಒಂದು, ಮನೆ ಎರಡು. ಎಡಗಡೆಯದರಲ್ಲಿ ಐಲಾ ಟ್ರೆಲೋರ್ ಇದ್ದಳು. ಬಲಗಡೆಯದರಲ್ಲಿ ಅವಳ ತಮ್ಮ ಕ್ಲೆಮ್, ಅವನ ಹೆಂಡತಿ ನೋರೀನ್. ನಡುವೆ ಒಂದೇ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು.

ಮೆಲ್ಬರ್ನ್ ನಗರದ ಈ ಫಿಟ್ಸ್‌ರಾಯ್‌ನಲ್ಲಿ ಮನೆಗಳೆಲ್ಲ ಹೀಗೆ ಹೆಗಲಿಗೆ ಹೆಗಲು ತಾಗಿಸಿಕೊಂಡೇ ನಿಂತಿರುವುದು. ಆದರೆ ಲೊವೆನಾದಷ್ಟು ಸಿಂಗರಿಸಿಕೊಂಡದ್ದು ನಮ್ಮ ಬೀದಿಯಲ್ಲಿ ಬೇರೊಂದಿರಲಿಲ್ಲ. ಐಲಾಳ ಅಜ್ಜ ಚಿನ್ನದ ಗಣಿಯಿಂದ ಜೇಬು ತುಂಬಿಸಿಕೊಂಡು ಬಂದು, ಇಡೀ ಮೆಲ್ಬರ್ನ್ ದುಡ್ಡಿನ ಅಮಲಿನಲ್ಲಿದ್ದ ಕಾಲದಲ್ಲಿ ಕಟ್ಟಿಸಿದ್ದು ಅದು. ಮಹಡಿಯ ಬಾಲ್ಕನಿಗೆ ಆ ತುದಿಯಿಂದ ಈ ತುದಿಗೆ ಎರಕದ ಕಬ್ಬಿಣದ ಲೇಸು, ಅಂದರೆ ಲೇಸಿನಂಥ ಜಾಲರಿ, ಅದರ ತುಂಬ ಕಬ್ಬಿಣದ್ದೇ ಜರೀಗಿಡದ ಎಲೆಗಳು. ಕಿಟಕಿಗಳ ನೆತ್ತಿಯ ಮೇಲೆ ಗಾರೆಯಲ್ಲಿ ಮಾಡಿದ ಹೆಣ್ಣುಮುಖಗಳು. ಚಾವಣಿಯನ್ನು ಮರೆಮಾಡುವ ಪ್ಯಾರಾಪೆಟ್ಟಿನ ಮೇಲೆ, ಎಂದೂ ಹೂವು ಕಾಣದ ಸಿಮೆಂಟಿನ ಹೂಕುಂಡಗಳ ಸಾಲು. ಅದೇ ಪ್ಯಾರಾಪೆಟ್ಟಿನ ಮೇಲೆ, ಎರಡೂ ಮನೆಗಳ ನಟ್ಟನಡುವೆ, ನಡುಗೋಡೆಯ ನೇರಕ್ಕೆ, ಆಳೆತ್ತರದ ಒಂದು ಕಮಾನು. ಕಮಾನಿನೊಳಗೆ ದೊಡ್ಡ ಚಿಪ್ಪಿನ ಆಕಾರ, ಅದರ ಕೆಳಗೆ ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಅಜ್ಜಿಯ ಹೆಸರು. ಎಲ್, ಓ, ಡಬ್ಲ್ಯು ಐಲಾಳ ಮನೆಯ ಮೇಲೆ. ಇ, ಎನ್, ಎ ಕ್ಲೆಮ್‌ನ ಮನೆಯ ಮೇಲೆ.

ಅಜ್ಜನ ಉಳಿದ ಆಸ್ತಿ ಅವನ ಕಣ್ಣೆದುರೇ ಕರಗಿತು, ಈ ಎರಡು ಮನೆ ಉಳಿದವು. ಐಲಾಳ ಅಪ್ಪ ಸಾಯುವಾಗ ಮಗಳಿಗೊಂದು ಮಗನಿಗೊಂದು ಬರೆದಿಟ್ಟ. ಜೊತೆಗೆ ಒಂದು ಷರತ್ತು: ಮಕ್ಕಳಿಬ್ಬರೂ ಬದುಕಿರುವವರೆಗೆ, ಒಬ್ಬರು ಒಪ್ಪದೆ ಇನ್ನೊಬ್ಬರು ಮನೆಯ ಮುಂಭಾಗವನ್ನು ಮುಟ್ಟುವ ಹಾಗಿಲ್ಲ.

ಐಲಾ ಬೂಟಿನ ಕಾರ್ಖಾನೆಯಲ್ಲಿ ಚರ್ಮ ಹೊಲಿಯುತ್ತಿದ್ದಳು. ಮದುವೆಯಾಗಲಿಲ್ಲ. ವರ್ಷವರ್ಷವೂ ವಸಂತ ಬಂತೆಂದರೆ ಸಣ್ಣ ಕುಂಚ ಹಿಡಿದು ಕಬ್ಬಿಣದ ಎಲೆ ಎಲೆಗೂ ಬಣ್ಣ ಹಚ್ಚುತ್ತಿದ್ದಳು, ತನ್ನ ಪಾಲಿಗೂ ತಮ್ಮನ ಪಾಲಿಗೂ. ಕ್ಲೆಮ್ ಏಣಿ ಹಿಡಿದು ನಿಲ್ಲುತ್ತಿದ್ದ. ನೋರೀನ್‌ಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಚಾಕೊಲೇಟ್ ಕಾರ್ಖಾನೆಯಲ್ಲಿ ಎಂಟು ಗಂಟೆ ನಿಂತು ಬಂದವಳಿಗೆ ಆ ಎಲೆಗಳ ಮೇಲಿನ ಮಸಿ ಒರೆಸುವ ಕೆಲಸ ಬೇರೆ. "ಮನೆಯಲ್ಲ ಕಣೇ ಇದು, ಅಜ್ಜಿ ಟೋಪಿ" ಅನ್ನುತ್ತಿದ್ದಳು ನನ್ನ ಹತ್ತಿರ.

ಕ್ಲೆಮ್‌ನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಯಾರಿಗೂ ಇಲ್ಲ ಅಂದವನಲ್ಲ. ನನ್ನ ಅಂಗಡಿಯಲ್ಲೇ ಫಿಟ್ಸ್‌ರಾಯ್ ಫುಟ್‌ಬಾಲ್ ತಂಡದ ಕಡೆಯವನೊಬ್ಬ ಬಂದು ಈ ಸಲ ಕಪ್ ನಮ್ಮದೇ ಅಂದರೆ ಹೌದು ಅನ್ನುತ್ತಿದ್ದ. ಆ ಮನುಷ್ಯ ಹೊರಗೆ ಕಾಲಿಟ್ಟ ಮೇಲೆ ಎದುರಾಳಿ ಕಾಲಿಂಗ್‌ವುಡ್ ತಂಡದವನು ಬಂದು ಅದನ್ನೇ ಹೇಳಿದರೆ ಅವನಿಗೂ ಹೌದು. ಮೋಸವಲ್ಲ. ಎದುರಿಗಿರುವವರ ಮುಖ ಬಾಡುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೆ.

ಹಿಟ್ಟಿನ ಗಿರಣಿಯ ಧೂಳು ಕುಡಿದು ಕುಡಿದು ಅವನ ಶ್ವಾಸಕೋಶ ಹಾಳಾಯಿತು. ಮೆಟ್ಟಿಲು ಹತ್ತಿದರೆ ಮುಖ ನೀಲಿಗಟ್ಟುತ್ತಿತ್ತು. ಕೊನೆಯ ವರ್ಷ ಮಹಡಿಯ ಒಳಕೋಣೆಯಲ್ಲಿ ಮಲಗಿದವನು ಏಳಲಿಲ್ಲ. ಆ ಕೋಣೆಗೆ ಕಿಟಕಿ ಇದ್ದದ್ದು ಒಂದೇ, ಅದು ತೆರೆದರೆ ಪಕ್ಕದ ಓಣಿಯ ಇಟ್ಟಿಗೆ ಗೋಡೆ.

ಒಂದು ದಿನ ನೋರೀನ್ ಅಂಗಡಿಗೆ ಬಂದವಳು ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು.

"ಅವನ ಮಂಚ ಬಾಲ್ಕನಿಗೆ ಹಾಕ್ಬೇಕು, ಡಲ್ಸಿ. ಬಿಸಿಲು ಗಾಳಿ ಬೇಕು ಅಂತ ಡಾಕ್ಟ್ರೇ ಹೇಳಿದಾರೆ. ಆ ಹಾಳು ಲೇಸು ಬಿಚ್ಚಿ ಗಾಜಿನ ಕಿಟಕಿ ಕೂರಿಸಿದ್ರೆ ಮಳೆ ಬಂದ್ರೂ ಚಿಂತೆ ಇಲ್ಲ. ಅರ್ಧ ಫಿಟ್ಸ್‌ರಾಯ್ ಹಾಗೇ ಮಾಡ್ಕೊಂಡಿದೆ. ಅವಳು ಸಹಿ ಹಾಕಲ್ವಂತೆ."

"ಯಾಕಂತೆ?"

"ಯಾಕೆ ಅಂತ ಹೇಳೋಕೂ ಅವಳಿಗೆ ಬಾಯಿ ಬರಲಿಲ್ಲ. ಬಾಗಿಲು ಹಾಕ್ಕೊಂಡ್ಳು."

ಸಂಜೆ ಐಲಾ ಬ್ರೆಡ್ಡಿಗೆ ಬಂದಾಗ ನಾನು ಮಾತು ತೆಗೆದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ಬ್ರೆಡ್ ಕೇಳ್ದೆ, ಡಲ್ಸಿ. ಬುದ್ಧಿ ಕೇಳಲಿಲ್ಲ" ಅಂದಳು.

ಕ್ಲೆಮ್ ಆ ಚಳಿಗಾಲದಲ್ಲಿ ಅದೇ ಒಳಕೋಣೆಯಲ್ಲಿ ಸತ್ತ. ಶವಪೆಟ್ಟಿಗೆಯನ್ನು ಇಳಿಸುವಾಗ ಅಕ್ಕ, ಹೆಂಡತಿ ಇಬ್ಬರೂ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ಒಬ್ಬರನ್ನೊಬ್ಬರು ನೋಡಲಿಲ್ಲ.

ಒಂದು ವರ್ಷ ಕಳೆದ ಮೇಲೆ ನೋರೀನ್ ಮತ್ತೆ ಮದುವೆಯಾಗುತ್ತೇನೆಂದಳು. ಗಂಡು ಎಲ್ವಿಯೊ ಕ್ರೊವಾಟ್ಟೊ. ಇಟಲಿಯ ಉತ್ತರದವನು, ಮೊಸಾಯಿಕ್ ನೆಲ ಹಾಕುವ ಕೆಲಸ, ಐವತ್ತರ ಹತ್ತಿರದ ವಯಸ್ಸು. ಸ್ವಲ್ಪ ಕುಳ್ಳ, ಮಂಡಿಯೂರಿ ಮಂಡಿಯೂರಿ ಕಾಲು ಬಾಗಿತ್ತು. ಬೀದಿಯಲ್ಲಿ ಗುಸುಗುಸು ಇತ್ತು. ಐಲಾ ಗುಸುಗುಸು ಮಾಡುವವಳಲ್ಲ, ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿದಳು: "ನನ್ನ ತಮ್ಮನ ಗೋರಿ ಮೇಲೆ ಇನ್ನೂ ಹುಲ್ಲು ಬಂದಿಲ್ಲ. ಇವಳ ಹಾಸಿಗೆಗೆ ಆಳು ಬಂದ."

ಮದುವೆಯ ದಿನ ಶನಿವಾರ, ಒಳ್ಳೆ ಬಿಸಿಲು. ಎಲ್ವಿಯೊನ ಕಡೆಯವರು ಹತ್ತಿಪ್ಪತ್ತು ಜನ ಸೂಟು ತೊಟ್ಟು ಬೀದಿಯಲ್ಲಿ ನಿಂತಿದ್ದರು. ಒಬ್ಬ ಅಕಾರ್ಡಿಯನ್ ತಂದಿದ್ದ. ನಾನು ಅಂಗಡಿ ಮುಚ್ಚಿ ಟೋಪಿ ಹಾಕಿಕೊಂಡು ಹೊರಗೆ ಬಂದೆ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು.

ಐಲಾ ತನ್ನ ಬಾಲ್ಕನಿಯ ಉದ್ದಕ್ಕೂ, ಲೇಸಿನ ಒಂದೊಂದು ಚೌಕಕ್ಕೂ ಕಪ್ಪು ಬಟ್ಟೆ ಕಟ್ಟಿದ್ದಳು. ಗಂಟು ಹಾಕಿ ಹಾಕಿ, ಹೊಲಿಗೆಯವಳ ಕೈ ಅಲ್ಲವೇ, ಒಂದೂ ಸಡಿಲವಿರಲಿಲ್ಲ. ಹೂಕುಂಡಗಳ ಕುತ್ತಿಗೆಗೂ ಕಪ್ಪು. ಕಿಟಕಿಯ ಮೇಲಿನ ಗಾರೆಯ ಹೆಣ್ಣಿನ ಮುಖಕ್ಕೂ ಮುಸುಕು. ನಡುವೆ ಕುರ್ಚಿ ಹಾಕಿಕೊಂಡು, ತಮ್ಮನ ಸಾವಿಗೆ ಉಟ್ಟ ಉಡುಪನ್ನೇ ತೊಟ್ಟು, ಕೈಕಟ್ಟಿ ಕೂತಿದ್ದಳು.

ನೋರೀನ್ ನೀಲಿ ಉಡುಪಿನಲ್ಲಿ ಹೊರಗೆ ಬಂದಳು. ಜನ ಎಲ್ಲಿ ನೋಡುತ್ತಿದ್ದಾರೋ ಅಲ್ಲಿಗೇ ತಿರುಗಿ ನೋಡಿದಳು. ಮುಖದ ಬಣ್ಣ ಇಳಿಯಿತು, ಮತ್ತೆ ಏರಿತು. ಅಳುತ್ತಾಳೆ ಅಂದುಕೊಂಡೆ.

"ಚೆನ್ನಾಗಿ ಕಟ್ಟಿದೀಯ ಕಣೇ, ಐಲಾ" ಅಂದಳು. "ಬಿಚ್ಚೋದು ಹೇಗೆ ಅಂತ ನಾನು ತೋರಿಸ್ತೀನಿ."

ತೋರಿಸಿದಳು. ಮದುವೆಯಾದ ತಿಂಗಳೊಳಗೆ ಬಲಗಡೆಯ ಲೇಸು ಕಳಚಿತು. ಎಲ್ವಿಯೊನ ಅಣ್ಣತಮ್ಮಂದಿರು ಸುತ್ತಿಗೆಯಿಂದ ಬಡಿದರೆ ಎರಕದ ಕಬ್ಬಿಣ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಬಾಲ್ಕನಿಗೆ ಗಾಜು ಬಂತು. ಕೆಳಗಿನ ತೆಳ್ಳನೆಯ ಕಂಬಗಳ ಜಾಗಕ್ಕೆ ಕಾಂಕ್ರೀಟಿನ ದಪ್ಪ ಕಂಬಗಳು, ಜಗಲಿಗೆ ಕೆಂಪು ಬಿಳಿ ಮೊಸಾಯಿಕ್. ಗಾರೆಯ ಹೆಣ್ಣುಮುಖವನ್ನು ಉಳಿಯಿಂದ ಕಿತ್ತು ನುಣ್ಣಗೆ ಸಿಮೆಂಟ್ ಬಳಿದರು. ಐಲಾ ವಕೀಲನ ಹತ್ತಿರ ಓಡಿದಳು. ಅಪ್ಪನ ಷರತ್ತು ಮಕ್ಕಳಿಬ್ಬರೂ ಇರುವವರೆಗೆ ಮಾತ್ರ, ಕ್ಲೆಮ್‌ನ ಜೊತೆಗೆ ಅದೂ ಹೋಯಿತು ಅಂದನಂತೆ ಅವನು. ನಗರಸಭೆಯವರೂ ಅದನ್ನೇ ಹೇಳಿ ಕಳಿಸಿದರು. ಅವರವರ ಪಾಲು ಅವರವರದು.

ಆಮೇಲೆ ನೋರೀನ್ ಕಮಾನಿನ ಕಡೆ ಕೈ ತೋರಿಸಿದಳು.

ಎಲ್ವಿಯೊಗೆ ಮನಸ್ಸಿರಲಿಲ್ಲ. ಸಿಗರೇಟಿಗೆ ಬಂದಾಗ ನನ್ನ ಹತ್ತಿರ ಹೇಳಿಕೊಂಡ: "ಸಿನ್ಯೋರಾ ಡಲ್ಸಿ, ಲೇಸು ಸರಿ, ತುಕ್ಕು ಹಿಡಿದಿತ್ತು. ಇದು ಯಾಕೆ? ಮೇಲಿರುತ್ತೆ, ಸುಮ್ನಿರುತ್ತೆ, ಊಟ ಕೇಳಲ್ಲ."

"ಅವಳಿಗೆ ಹೇಳಪ್ಪ" ಅಂದೆ.

"ಹೇಳ್ದೆ. ಬೇಕಾದ್ರೆ ನೀನೂ ಮೇಲೆ ಹೋಗಿ ಸುಮ್ನಿರು ಅಂದ್ಳು."

ಅವನು ಎರಡು ದಿನ ಮೇಲೆ ಕೂತು, ನಡುಗೋಡೆಯ ಮಧ್ಯಕ್ಕೆ ಗೆರೆ ಹೊಡೆದು, ಚಿಪ್ಪನ್ನು ನೆತ್ತಿಯಿಂದ ಬುಡದವರೆಗೆ ಸೀಳಿದ. ಐಲಾ ಕೆಲಸಕ್ಕೆ ಹೋಗದೆ ಫುಟ್‌ಪಾತಿನಲ್ಲಿ ನಿಂತು ನೋಡಿದಳು. ಬಲಗಡೆಯ ಅರ್ಧ ಚೂರು ಚೂರಾಗಿ ಬುಟ್ಟಿಯಲ್ಲಿ ಇಳಿಯಿತು. ಇ, ಎನ್, ಎ ಹೋದವು. ಉಳಿದದ್ದು ಅರ್ಧ ಚಿಪ್ಪು, ಅದರಡಿ ಎಲ್, ಓ, ಡಬ್ಲ್ಯು. ಲೋ. ಕೀಳು.

ನೋರೀನ್ ಅದನ್ನು ಮೊದಲೇ ಯೋಚಿಸಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲು ಓದಿದವನು ಬಿಯರ್ ಪೀಪಾಯಿಗಳ ಗಾಡಿಯವನು. ಕುದುರೆಯನ್ನು ನಿಲ್ಲಿಸಿ, ಕಣ್ಣು ಕಿರಿದು ಮಾಡಿ, "ಲೋ" ಎಂದು ಗಟ್ಟಿಯಾಗಿ ಓದಿ ನಕ್ಕ. ನೋರೀನ್ ಗಾಜಿನ ಹಿಂದಿನಿಂದ ಕೇಳಿಸಿಕೊಂಡಳು. ಆಗ ಅವಳೂ ನಕ್ಕಳು. ಸಾಯಂಕಾಲದೊಳಗೆ ಇಡೀ ಬೀದಿಗೆ ಆ ಮನೆಯ ಹೆಸರು ಕೀಳ್ಮನೆ ಎಂದಾಗಿತ್ತು.

ಎಲ್ವಿಯೊ ಏಣಿಯ ಮೇಲಿನಿಂದ ಐಲಾಳನ್ನು ಕೂಗಿದ. "ಸಿನ್ಯೋರಾ, ಕೊಯ್ದ ಕಡೆ ಬರೀ ಇಟ್ಟಿಗೆ ಕಾಣ್ತಿದೆ. ಸಿಮೆಂಟ್ ಮೆತ್ಬೇಕು. ಇಲ್ದಿದ್ರೆ ಮಳೆ ನೀರು ಇಳಿಯುತ್ತೆ. ನಾನು ಮೆತ್ತಿ ಕೊಡ್ತೀನಿ."

"ಅದು ನನ್ನ ಗೋಡೆ" ಅಂದಳು ಐಲಾ. "ನಿನ್ನ ಬೆರಳು ಅದಕ್ಕೆ ತಾಗಿದ್ರೆ ಪೊಲೀಸ್ ಕರೀತೀನಿ."

ಅವನು ನೋರೀನ್‌ಳನ್ನು ನೋಡಿದ. ನೋರೀನ್ ಭುಜ ಕುಣಿಸಿದಳು. ಅವನು ಏಣಿ ಇಳಿದ.

ಆ ಅಕ್ಷರಗಳನ್ನು ಐಲಾ ತೆಗೆಸಿಬಿಡಬಹುದಿತ್ತು. ಅರ್ಧ ದಿನದ ಕೆಲಸ. ನಾನೇ ಹೇಳಿದೆ. ಅವಳು ತಲೆಯಾಡಿಸಿದಳು. "ಇರಲಿ. ಓದೋರು ಓದ್ಲಿ. ಯಾರು ಮಾಡಿದ್ದು ಅಂತ ಕೇಳ್ತಾರಲ್ಲ, ಆಗ ಹೇಳೋಕೆ ನಾನಿದೀನಿ."

ಹೇಳಿದಳು ಕೂಡ. ಅಂಚೆಯವನಿಗೆ, ಮೀಟರ್ ನೋಡುವವನಿಗೆ, ದಾರಿ ತಪ್ಪಿ ಬಂದವರಿಗೆ. ಬೂಟಿನ ಕಾರ್ಖಾನೆಯಲ್ಲಿ ಅವಳ ಟೀ ಕಪ್ಪಿನ ಮೇಲೆ ಯಾರೋ ಆ ಮೂರಕ್ಷರ ಬರೆದರು. ಅವಳು ಆ ಕಪ್ಪಿನಲ್ಲೇ ಟೀ ಕುಡಿದಳು. ಆದರೆ ಅವಳ ನಡಿಗೆ ಆ ವರ್ಷ ಬದಲಾಯಿತು. ಕತ್ತು ಮುಂದಕ್ಕೆ ಚಾಚಿ, ಮಳೆಯಲ್ಲಿ ನಡೆಯುವವರ ಹಾಗೆ.

ಇಬ್ಬರೂ ಒಂದೇ ಹೊತ್ತಿಗೆ ಅಂಗಡಿಗೆ ಬರದ ಹಾಗೆ ನೋಡಿಕೊಳ್ಳುತ್ತಿದ್ದರು. ಒಮ್ಮೆ ತಪ್ಪಿತು. ಬಿರುಬಿಸಿಲಿನ ದಿನ, ಮರುಭೂಮಿಯ ಕಡೆಯಿಂದ ಉತ್ತರದ ಗಾಳಿ ಕುಲುಮೆಯ ಹಾಗೆ ಬೀಸುತ್ತಿತ್ತು. ಐಲಾ ಟೀಪುಡಿ ತೂಗಿಸಿಕೊಳ್ಳುತ್ತಿದ್ದಳು. ನೋರೀನ್ ನಿಂಬೆಶರಬತ್ತಿಗೆ ಬಂದವಳು ಬಾಗಿಲಲ್ಲೇ ನಿಂತಳು. ಹಿಂದಕ್ಕೆ ಹೋಗುವುದು ಸೋಲು ಅನ್ನಿಸಿರಬೇಕು, ಒಳಗೆ ಬಂದಳು.

"ಲೋ ಮನೆಯವರದ್ದು ಮೊದಲು ಮುಗಿಸು, ಡಲ್ಸಿ" ಅಂದಳು. "ನಾನು ಕಾಯ್ತೀನಿ."

ಐಲಾ ತಿರುಗಿದಳು. "ನನ್ನ ತಮ್ಮ ಇದ್ದಿದ್ರೆ ಈ ಬಾಯಿ ಇಷ್ಟುದ್ದ ಆಗ್ತಿರಲಿಲ್ಲ."

"ನಿನ್ನ ತಮ್ಮ ಇದ್ದಿದ್ರೆ!" ನೋರೀನ್‌ಳ ದನಿ ಒಡೆಯಿತು. "ಯಾಕಿಲ್ಲ ಅವನು? ಹೇಳು, ಡಲ್ಸಿ ಕೇಳ್ಲಿ. ಒಂದು ವರ್ಷ ಅವನು ಇಟ್ಟಿಗೆ ಗೋಡೆ ನೋಡ್ತಾ ಸತ್ತ. ಬಿಸಿಲು ಬೇಕು ನೋರೀನ್, ಗಾಳಿ ಬೇಕು ನೋರೀನ್ ಅಂತ ನನ್ನ ಕೈ ಹಿಡ್ಕೊಂಡು ಕೇಳ್ತಿದ್ದ. ಒಂದು ಸಹಿ. ಕಬ್ಬಿಣದ ಎಲೆಗೋಸ್ಕರ ಒಂದು ಸಹಿ ಹಾಕದವಳು ನೀನು. ಅವನಿಗಿಂತ ಆ ಕಬ್ಬಿಣ ಹೆಚ್ಚಾಯ್ತು ನಿನಗೆ."

ಐಲಾ ಟೀಪುಡಿಯ ಪೊಟ್ಟಣವನ್ನು ಗಲ್ಲಾದ ಮೇಲಿಟ್ಟಳು. ಅವಳು ಮಾತಾಡಿದ್ದು ಮೆಲ್ಲಗೆ.

"ಬೇಡ ಅಂದಿದ್ದೇ ಅವನು."

"ಸುಳ್ಳು."

"ನೀನು ಕೆಲಸಕ್ಕೆ ಹೋದಾಗ ಮಧ್ಯಾಹ್ನ ನಾನು ಸೂಪ್ ತಗೊಂಡು ಹೋಗ್ತಿದ್ದೆ. ಆಗ ಹೇಳ್ದ. ಸಹಿ ಹಾಕ್ಬೇಡ ಐಲಾ. ಅವಳು ನನ್ನನ್ನ ಅಲ್ಲಿ ಗಾಜಿನ ಡಬ್ಬೀಲಿ ಇಟ್ರೆ ನಾನು ಸಾಯೋದನ್ನ ಇಡೀ ಬೀದಿ ನಿಂತು ನೋಡುತ್ತೆ. ನಾನು ಹೇಳ್ದೆ ಅಂತ ಅವಳಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾಳೆ. ಹಾಗಂದ. ನಾನು ಹೇಳಲಿಲ್ಲ. ಇಷ್ಟು ವರ್ಷ ನಿನ್ನ ಬೈಗುಳ ತಿಂದೆ, ಹೇಳಲಿಲ್ಲ."

"ಸುಳ್ಳಿ" ಅಂದಳು ನೋರೀನ್. "ಸತ್ತವನ ಬಾಯಲ್ಲಿ ಮಾತು ತುರುಕ್ತೀಯ."

"ನಿನ್ನ ಬಾಯಲ್ಲಿರೋದೂ ಸತ್ತವನ ಮಾತೇ."

ಇಬ್ಬರೂ ನನ್ನ ಕಡೆ ನೋಡಿದರು, ನಾನು ತೀರ್ಪು ಕೊಡುತ್ತೇನೆ ಅನ್ನುವ ಹಾಗೆ. ನನಗೆ ಇಬ್ಬರ ಮಾತೂ ನಿಜ ಅನ್ನಿಸಿತು. ಹೆಂಡತಿಗೆ ಬೇಕು ಅಂದ, ಅಕ್ಕನಿಗೆ ಬೇಡ ಅಂದ. ಕ್ಲೆಮ್ ಅಂಥವನೇ. ಇಬ್ಬರ ಮುಖವನ್ನೂ ಬಾಡಿಸದೆ ಮಲಗಿದಲ್ಲೇ ಮಲಗಿ ಸತ್ತ. ಅವನಿಗೆ ನಿಜವಾಗಿ ಏನು ಬೇಕಿತ್ತೋ ಅವನಿಗಾದರೂ ಗೊತ್ತಿತ್ತೋ ಇಲ್ಲವೋ. ನಾನು ಅದನ್ನು ಬಾಯಿಬಿಟ್ಟು ಹೇಳಿದೆ: "ಇಬ್ಬರಿಗೂ ಹೂಂ ಅಂದಿರ್ತಾನೆ ಕಣ್ರೇ. ಅವನ ಸ್ವಭಾವ ನಿಮಗೆ ಗೊತ್ತಿಲ್ವಾ?"

ಆ ಒಂದು ಮಾತಿಗೆ ಇಬ್ಬರೂ ನನ್ನ ಮೇಲೆಯೇ ತಿರುಗಿಬಿದ್ದರು. ನನ್ನ ಗಂಡನನ್ನ ಸುಳ್ಳ ಅಂತೀಯ ಎಂದು ಒಬ್ಬಳು, ನನ್ನ ತಮ್ಮನನ್ನ ಹೇಡಿ ಅಂತೀಯ ಎಂದು ಇನ್ನೊಬ್ಬಳು. ಶರಬತ್ತೂ ಟೀಪುಡಿಯೂ ಗಲ್ಲಾದ ಮೇಲೆಯೇ ಉಳಿದವು. ಆರು ತಿಂಗಳು ಇಬ್ಬರೂ ಬೇರೆ ಬೀದಿಯ ಅಂಗಡಿಗೆ ಹೋದರು. ಅವರಿಬ್ಬರೂ ಒಟ್ಟಾಗಿ ಮಾಡಿದ ಕೆಲಸ ಅಂತ ನಾನು ಕಂಡದ್ದು ಅದೊಂದೇ.

ಮಳೆಗಾಲಗಳು ಕಳೆದವು. ಕೊಯ್ದ ಕಡೆಯ ಇಟ್ಟಿಗೆಗಳು ಹಸಿರುಗಟ್ಟಿದವು. ಬಿರುಕಿನಲ್ಲಿ ಒಂದು ಗಿಡವೂ ಹುಟ್ಟಿತು. ಎಲ್ವಿಯೊ ಒಮ್ಮೆ ನನ್ನ ಮೂಲಕ ಮತ್ತೆ ಹೇಳಿ ಕಳಿಸಿದ. ಐಲಾಳದು ಅದೇ ಉತ್ತರ. ಅವಳು ತನ್ನ ಲೇಸಿಗೆ ಮಾತ್ರ ವಸಂತ ತಪ್ಪದೆ ಬಣ್ಣ ಹಚ್ಚಿದಳು, ಈಗ ಏಣಿ ಹಿಡಿಯುವವರಿಲ್ಲದೆ. ಬಲಗಡೆ ಗಾಜಿನ ಹಿಂದೆ ನೋರೀನ್ ಬಟ್ಟೆ ಒಣಹಾಕುತ್ತ, ಇಸ್ತ್ರಿ ಮಾಡುತ್ತ, ಆ ಬಿಸಿಲಿನ ಕೋಣೆಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದಳು.

ಅಕ್ಟೋಬರ್‌ನ ಒಂದು ಭಾನುವಾರ ಬೆಳಗ್ಗೆಯಿಂದಲೇ ಗಾಳಿ ಎದ್ದಿತ್ತು. ಕಸದ ಡಬ್ಬಿಗಳ ಮುಚ್ಚಳಗಳು ಬೀದಿಯಲ್ಲಿ ಉರುಳುತ್ತಿದ್ದವು. ಎಲ್ವಿಯೊ ಚರ್ಚಿಗೆ ಹೋಗಿದ್ದ. ನಾನು ಅಂಗಡಿಯ ಪರದೆ ಕಟ್ಟಲು ಹೊರಗೆ ಬಂದಿದ್ದೆ. ತಲೆಯೆತ್ತಿದಾಗ ಅರ್ಧ ಚಿಪ್ಪು ಅಲುಗಿದ ಹಾಗೆ ಕಂಡಿತು. ಕಣ್ಣಿಗೆ ಧೂಳು ಬಿತ್ತೇನೋ ಅಂದುಕೊಂಡೆ. ಅದು ನಿಧಾನವಾಗಿ, ಆಸರೆಯಿಲ್ಲದ ಕಡೆಗೆ, ನೋರೀನ್‌ಳ ಪಾಲಿನ ಕಡೆಗೆ ವಾಲಿತು. ಎಲ್, ಓ, ಡಬ್ಲ್ಯು ಒಟ್ಟಿಗೇ ಬಂದವು, ಪಕ್ಕದ ಹೂಕುಂಡವನ್ನೂ ಎಳೆದುಕೊಂಡು. ಬಾಲ್ಕನಿಯ ತಗಡಿನ ಮಾಡನ್ನು ಹರಿದುಕೊಂಡು ಒಳಗೆ ಬಿತ್ತು. ಗಾಜು ಬೀದಿಗೆಲ್ಲ ಚೆಲ್ಲಿತು.

ನಾನು ರಸ್ತೆ ದಾಟುವಷ್ಟರಲ್ಲಿ ಐಲಾ ತನ್ನ ಬಾಗಿಲಿನಿಂದ ಹೊರಬಿದ್ದು ನೋರೀನ್‌ಳ ಬಾಗಿಲಿಗೆ ನುಗ್ಗಿಯಾಗಿತ್ತು. ಕ್ಲೆಮ್ ಸತ್ತ ಮೇಲೆ ಅವಳು ಆ ಹೊಸ್ತಿಲು ತುಳಿದಿರಲಿಲ್ಲ. ಮೆಟ್ಟಿಲಲ್ಲಿ ಅವಳ ಹಿಂದೆಯೇ ನಾನೂ ಹತ್ತಿದೆ.

ನೋರೀನ್ ಇಸ್ತ್ರಿ ಮೇಜಿನ ಪಕ್ಕದಲ್ಲಿ ಬಿದ್ದಿದ್ದಳು. ಸೊಂಟದಿಂದ ಕೆಳಗೆ ಇಟ್ಟಿಗೆ, ಗಾರೆ. ಮುಖವೆಲ್ಲ ಬಿಳಿ ಧೂಳು, ಹಣೆಯಿಂದ ರಕ್ತ. ಕಣ್ಣು ತೆರೆದೇ ಇತ್ತು. ಐಲಾ ಗಾಜಿನ ಮೇಲೆಯೇ ಮಂಡಿಯೂರಿದಳು. ಅವಳ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಏಪ್ರನ್ನಿನಿಂದ ಹಣೆ ಒತ್ತಿ ಹಿಡಿದಳು.

"ಕೈ ತೆಗಿ" ಅಂದಳು ನೋರೀನ್.

"ಅಲುಗಾಡ್ಬೇಡ."

"ನಿನ್ನ ಕೈ ತೆಗಿ ಅಂದೆ. ಡಲ್ಸಿ, ಇವಳನ್ನ ಹೊರಗೆ ಹಾಕು."

"ಡಲ್ಸಿ, ನೀನು ಹೋಗಿ ಆಂಬ್ಯುಲೆನ್ಸಿಗೆ ಫೋನ್ ಮಾಡು" ಅಂದಳು ಐಲಾ. "ಇವಳು ಬೈತಾನೇ ಇರ್ಲಿ. ಬೈಯೋದು ನಿಂತ್ರೆ ಕಷ್ಟ."

ನಾನು ಫೋನ್ ಮಾಡಿ ಬಂದಾಗಲೂ ನೋರೀನ್ ಬೈಯುತ್ತಿದ್ದಳು. ಮುದಿ ಕಾಗೆ ಅಂದಳು, ಕಬ್ಬಿಣ ತಿನ್ನುವವಳು ಅಂದಳು, ನಾನು ನಿಮ್ಮ ಟ್ರೆಲೋರ್‌ಗಳ ಮಧ್ಯೆ ಹಾಳಾದೆ ಅಂದಳು. ಐಲಾ ಪ್ರತಿಯೊಂದಕ್ಕೂ "ಆಯ್ತು, ಆಮೇಲೆ?" ಅನ್ನುತ್ತಿದ್ದಳು. ಅವಳ ಮಂಡಿಯಿಂದಲೂ ರಕ್ತ ಇಳಿದು ಇಸ್ತ್ರಿ ಮೇಜಿನ ಕೆಳಗೆ ಹರಿದಿತ್ತು. ಎಲ್ವಿಯೊ ಓಡಿಬಂದು ಬರಿಗೈಯಲ್ಲಿ ಇಟ್ಟಿಗೆ ತೆಗೆಯತೊಡಗಿದಾಗಲೂ ಅವಳು ಹಣೆಯ ಮೇಲಿನ ಕೈ ಸಡಿಲಿಸಲಿಲ್ಲ.

ನೋರೀನ್‌ಳ ಸೊಂಟದ ಮೂಳೆ ಮುರಿದಿತ್ತು. ಜೀವಕ್ಕೆ ಅಪಾಯವಿರಲಿಲ್ಲ.

ಆಸ್ಪತ್ರೆಗೆ ನಾನು ಹೊರಟ ದಿನ ಐಲಾ ಟ್ರಾಮ್ ನಿಲ್ದಾಣದಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದಳು. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ. ವಾರ್ಡಿನಲ್ಲಿ ಅವಳನ್ನು ಕಂಡ ಕೂಡಲೇ ನೋರೀನ್ ಗೋಡೆಯ ಕಡೆ ಮುಖ ತಿರುಗಿಸಿದಳು. ಐಲಾ ಮಂಚದ ಕಾಲ ಬಳಿ ನಿಂತಳು.

"ನಿನ್ನ ಗಂಡ ಸಿಮೆಂಟ್ ಮೆತ್ತಿ ಕೊಡ್ತೀನಿ ಅಂದ. ನಾನು ಬಿಡಲಿಲ್ಲ. ಅದು ನನ್ನ ತಪ್ಪು. ಅದೊಂದೇ."

"ಅದೊಂದೇ ಅಲ್ಲ" ಅಂದಳು ನೋರೀನ್, ತಿರುಗದೆ. "ಎಲ್ಲಾ."

"ಅದೊಂದೇ. ಮಿಕ್ಕಿದ್ದು ನಿಂದು."

"ನೀನು ಕಪ್ಪು ಬಟ್ಟೆ ಕಟ್ಟಿದ್ದು?"

ಐಲಾ ಟೋಪಿ ಸರಿಮಾಡಿಕೊಂಡಳು. "ಅದೂ ನಂದೇ. ಆದ್ರೆ ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ."

"ಕಮಾನು ಒಡೆಸಿದ್ದಕ್ಕೆ ನನಗೂ ಇಲ್ಲ. ಹೋಗು."

ನರ್ಸ್ ಬಂದು ಗಲಾಟೆ ಮಾಡಬೇಡಿ ಅಂದಳು. ಗಲಾಟೆ ಏನೂ ಇರಲಿಲ್ಲ, ಇಬ್ಬರೂ ಮೆಲುದನಿಯಲ್ಲೇ ಮಾತಾಡಿದ್ದರು. ಐಲಾ ಹೊರಗೆ ಹೋಗಿ ಬೆಂಚಿನಲ್ಲಿ ನನಗಾಗಿ ಕಾದಳು.

ಪ್ಯಾರಾಪೆಟ್ಟಿನ ಮುರಿದ ಬಾಯಿಯನ್ನು ಮುಚ್ಚಲು ಅವಳು ಕೊನೆಗೂ ಎಲ್ವಿಯೊನನ್ನೇ ಕರೆದಳು. ತಾನಾಗಿ ಅವನ ಜೊತೆ ಆಡಿದ ಮೊದಲ ಮಾತು ಅದು: "ಮೇಲೆ ಹತ್ತು. ಮುಗಿಸು." ಅವನು ಮುಗಿಸಿದ. ಎರಡೂ ಪಾಲಿಗೆ ಒಂದೇ ಮಟ್ಟ, ಒಂದೇ ಗಾರೆ, ಮೇಲೆ ಏನೂ ಇಲ್ಲ. ಅವಳು ಅವನಿಗೆ ಒಂದು ಕಪ್ ಟೀ ಕೊಟ್ಟಳು, ಜಗಲಿಯಲ್ಲೇ, ಒಳಗೆ ಕರೆಯದೆ.

ನೋರೀನ್ ಮನೆಗೆ ಬಂದಳು, ಆದರೆ ಮಹಡಿ ಹತ್ತಲಾಗಲಿಲ್ಲ. ಆ ಬಿಸಿಲಿನ ಕೋಣೆ ಅವಳಿಗೆ ಮತ್ತೆ ಸಿಗಲಿಲ್ಲ. ಮರುವರ್ಷ ಅವರು ಮನೆ ಮಾರಿ ಊರಾಚೆ ಹೊಸ ಬಡಾವಣೆಯಲ್ಲಿ, ಮೆಟ್ಟಿಲಿಲ್ಲದ, ಸುತ್ತ ಹುಲ್ಲಿರುವ ಮನೆ ಕಟ್ಟಿಕೊಂಡರು. ಹೊರಡುವ ಬೆಳಗ್ಗೆ ಲಾರಿ ತುಂಬುತ್ತಿರುವಾಗ ಅವಳು ಕೋಲೂರಿಕೊಂಡು ರಸ್ತೆ ದಾಟಿ ಬಂದಳು. ಅಂಗಡಿಯ ಬಾಗಿಲಲ್ಲಿ ನಿಂತು, ಮೊದಲ ಸಲ ನೋಡುವವಳ ಹಾಗೆ, ಎದುರಿನ ಎಡಗಡೆಯ ಮನೆಯನ್ನು ನೋಡಿದಳು. ಹಿಂದಿನ ವಾರವಷ್ಟೇ ಬಣ್ಣ ಕಂಡಿದ್ದ ಲೇಸು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ನೆರಳು ಗೋಡೆಯ ಮೇಲೆ ಎಲೆ ಎಲೆಯಾಗಿ ಬಿದ್ದಿತ್ತು.

"ಚೆನ್ನಾಗೇ ಕಾಣುತ್ತೆ, ಹಾಳಾದ್ದು" ಅಂದಳು.

"ಒಂದು ಮಾತು ಹೇಳಿ ಹೋಗ್ಬಾರ್ದಾ ಅವಳಿಗೆ?" ಅಂದೆ.

"ಏನಂತ?"

ಎಲ್ವಿಯೊ ಲಾರಿಯಿಂದ ಕೂಗಿದ. ಅವಳು ದಾರಿಗೆ ಅಂತ ಪುದೀನಾ ಮಿಠಾಯಿ ಕೊಂಡು, ಕೋಲನ್ನು ಕಂಕುಳಲ್ಲಿ ಇರುಕಿ, ಚೀಲದಲ್ಲಿ ಚಿಲ್ಲರೆ ಹುಡುಕಿದಳು. ಬೇಡ ಅಂದರೂ ಕೊಟ್ಟೇ ಹೋದಳು.

ಐಲಾ ಆ ದಿನ ಹೊರಗೆ ಬರಲಿಲ್ಲ. ಸಂಜೆ ಬ್ರೆಡ್ಡಿಗೆ ಬಂದಾಗ, ಬಲಗಡೆಯ ಮನೆಗೆ ಯಾರು ಬರುತ್ತಾರಂತೆ ಎಂದು ಕೇಳಿದಳು. ವಿಶ್ವವಿದ್ಯಾಲಯದ ಒಬ್ಬ ಮೇಷ್ಟರು, ಹೆಂಡತಿ ಮಕ್ಕಳ ಜೊತೆ, ಅಂದೆ.

"ಜಗಳಗಂಟಿಯೇನು ಹೆಂಡತಿ?"

"ನೋಡಿದ್ರೆ ಸಾಧು ಹಾಗೆ ಕಾಣ್ತಾಳೆ."

ಐಲಾ ಬ್ರೆಡ್ಡನ್ನು ಬುಟ್ಟಿಗೆ ಹಾಕಿಕೊಂಡಳು. "ಅಯ್ಯೋ" ಎಂದಷ್ಟೇ ಹೇಳಿ, ಕತ್ತು ಮುಂದಕ್ಕೆ ಚಾಚಿ, ರಸ್ತೆ ದಾಟಿ ಮನೆಗೆ ಹೋದಳು.